ಇಟಲಿಗೆ ಒಬ್ಬರೇ ಹೊರಟಿದ್ದೀರಾ? ಮೊದಲು ಬಾಗಿಲು ಹಾಕುವ ದಿನ ನೋಡಿ

ಫ್ಲಾರೆನ್ಸ್‌ಗೆ ನಾನು ಬಂದಿಳಿದದ್ದು ಒಂದು ಭಾನುವಾರ ರಾತ್ರಿ. ಸೋಮವಾರ ಇಡೀ ದಿನ ಉಫೀಜಿ ಮ್ಯೂಸಿಯಂಗೆ ಅಂತ ಎತ್ತಿಟ್ಟಿದ್ದೆ. ಬೆಳಿಗ್ಗೆ ಎಂಟಕ್ಕೇ ಹೋಗಿ ನಿಂತೆ. ಕ್ಯೂ ಇಲ್ಲ, ಗಲಾಟೆ ಇಲ್ಲ. ಪರವಾಗಿಲ್ಲವೇ, ಬೇಗ ಎದ್ದದ್ದಕ್ಕೆ ಲಾಭ ಆಯಿತು ಅಂದುಕೊಂಡೆ. ಐದು ನಿಮಿಷ ಆದಮೇಲೆ ಗೊತ್ತಾಯಿತು, ಸೋಮವಾರ ಅಲ್ಲಿ ರಜೆ. ಸರಿ, ಮೈಕೆಲಾಂಜೆಲೊ ಕೆತ್ತಿದ ಡೇವಿಡ್ ಮೂರ್ತಿಯನ್ನಾದರೂ ನೋಡೋಣ ಅಂತ ಅಕಾಡೆಮಿಯಾ ಕಡೆ ಓಡಿದೆ. ಅಲ್ಲೂ ಸೋಮವಾರವೇ ರಜೆ. ಮರುದಿನ ಬೆಳಿಗ್ಗೆ ವೆನಿಸ್ ರೈಲಿಗೆ ಟಿಕೆಟ್ ಆಗಿಹೋಗಿತ್ತು. ಕೊನೆಗೆ ಸಿನ್ಯೋರಿಯಾ ಚೌಕದಲ್ಲಿ ಬಯಲಲ್ಲೇ ನಿಂತಿರುವ ನಕಲು ಡೇವಿಡ್‌ನನ್ನು ನೋಡಿ, ಅದರ ಕೆಳಗೆ ಕೂತು ಬಾಳೆಹಣ್ಣು ತಿಂದೆ.

ತಪ್ಪು ಯಾರದೂ ಅಲ್ಲ, ನನ್ನದೇ. ಜೊತೆಗೆ ಯಾರಾದರೂ ಇದ್ದಿದ್ದರೆ "ಅಲ್ಲ ಕಣೇ, ಸೋಮವಾರ ತೆರೆದಿರುತ್ತಾ?" ಅಂತ ಒಂದು ಮಾತು ಕೇಳುತ್ತಿದ್ದರು. ಒಬ್ಬರೇ ಹೋಗುವಾಗ ಆ ಕೇಳುವ ಬಾಯಿ ಇರುವುದಿಲ್ಲ. ಹಾಗಾಗಿ ಅದರ ಕೆಲಸವನ್ನು ಮೊದಲೇ, ಮನೆಯಲ್ಲೇ ಕೂತು ಮಾಡಿ ಮುಗಿಸಬೇಕು. ನಾನು ಕಲಿತ ಕ್ರಮ ಇಲ್ಲಿದೆ.

ಹೆಜ್ಜೆ 1: ಊರು ಕಡಿಮೆ ಮಾಡಿ, ಒಂದು ಎಳೆ ಹಿಡಿಯಿರಿ

ಮೊದಲ ಪ್ರವಾಸಕ್ಕೆ ಹತ್ತು ರಾತ್ರಿ ಇದೆ ಅಂದುಕೊಳ್ಳಿ. ರೋಮ್ ಐದು, ಫ್ಲಾರೆನ್ಸ್ ಮೂರು, ವೆನಿಸ್ ಎರಡು. ಇಷ್ಟೇ. ಮಿಲಾನ್, ಪೀಸಾ, ಚಿಂಕ್ವೆ ತೆರ್ರೆ, ಕೊಮೊ ಸರೋವರ ಎಲ್ಲ ಪಟ್ಟಿಗೆ ಸೇರಿಸುವ ಆಸೆ ಆಗುತ್ತದೆ. ಬೇಡ. ಊರು ಬದಲಿಸಿದ ಪ್ರತಿ ಸಲವೂ ಅರ್ಧ ದಿನ ಹೋಗುತ್ತದೆ. ರೂಮ್ ಖಾಲಿ ಮಾಡು, ಬ್ಯಾಗ್ ಎಳೆ, ಸ್ಟೇಷನ್ ಹುಡುಕು, ಮತ್ತೆ ರೂಮ್ ಹುಡುಕು. ಇಬ್ಬರಿದ್ದರೆ ಒಬ್ಬರು ಬ್ಯಾಗ್ ಕಾಯಬಹುದು. ಒಬ್ಬರೇ ಇದ್ದರೆ ಟಾಯ್ಲೆಟ್ಟಿಗೂ ಬ್ಯಾಗ್ ಜೊತೆಗೇ ಹೋಗಬೇಕು.

ಇನ್ನೊಂದು ಮಾತು. ಇಟಲಿಯಲ್ಲಿ ನೋಡುವುದಕ್ಕೆ ಕೊನೆಯೇ ಇಲ್ಲ. ಮೂರನೇ ದಿನಕ್ಕೆ ಎಲ್ಲ ಚರ್ಚುಗಳೂ ಒಂದೇ ಥರ ಕಾಣುತ್ತವೆ. ಅದಕ್ಕೇ ನಿಮಗೆ ಸಂಬಂಧ ಇರುವ ಒಂದು ಎಳೆ ಹಿಡಿದುಕೊಳ್ಳಿ. ಅಡುಗೆ ಇರಬಹುದು, ಚಿತ್ರಕಲೆ ಇರಬಹುದು, ಎಂಜಿನಿಯರಿಂಗ್ ಇರಬಹುದು. ನಾನು ಹಿಡಿದದ್ದು ನಮ್ಮೂರ ಎಳೆ. ಹಳೇ ಕಾಲದಲ್ಲಿ ಕರ್ನಾಟಕಕ್ಕೆ ಬಂದು ಹೋದ ಇಟಲಿಯವರಲ್ಲಿ ಇಬ್ಬರನ್ನು ಆರಿಸಿಕೊಂಡೆ. ವೆನಿಸ್‌ನ ನಿಕೊಲೊ ದೆ ಕೋಂತಿ ಸುಮಾರು 1420ರಲ್ಲಿ ವಿಜಯನಗರ ನೋಡಿದವನು. ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಹೊನ್ನಾವರದ ಕಡೆಯಿಂದ ಗೇರುಸೊಪ್ಪೆ ಘಾಟಿ ಹತ್ತಿ ಇಕ್ಕೇರಿಗೆ ಬಂದವನು. ಅವರು ನಮ್ಮ ಕಡೆ ಬಂದರು, ನಾನು ಅವರ ಊರಿಗೆ ಹೋಗುತ್ತೇನೆ ಅಂತ ಒಂದು ಲೆಕ್ಕ. ಸುಮ್ನೆ ಒಂದು ನೆಪ ಅಂತಲೇ ಇಟ್ಟುಕೊಳ್ಳಿ. ಆದರೆ ಆ ನೆಪ ಇದ್ದದ್ದರಿಂದಲೇ ಯಾವುದನ್ನು ಬಿಡಬೇಕು ಅನ್ನುವುದು ಸುಲಭವಾಯಿತು.

ಹೆಜ್ಜೆ 2: ಕ್ಯಾಲೆಂಡರ್ ಬಿಡಿಸಿ ಕೂತುಕೊಳ್ಳಿ

ಏಪ್ರಿಲ್-ಮೇ ಅಥವಾ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್. ಹವೆ ಹಿತವಾಗಿರುತ್ತದೆ. ಜುಲೈ-ಆಗಸ್ಟ್ ಬೇಡ. ರೋಮಿನ ಬಿಸಿಲು ನಮ್ಮ ರಾಯಚೂರಿಗೆ ಸವಾಲು ಹಾಕುತ್ತದೆ. ಆಗಸ್ಟ್ 15ರ ಫೆರ್ರಗೊಸ್ತೊ ಹಬ್ಬದ ಸುತ್ತಮುತ್ತ ಊರವರೇ ಅಂಗಡಿ ಮುಚ್ಚಿ ಸಮುದ್ರಕ್ಕೆ ಹೋಗಿಬಿಡುತ್ತಾರೆ. ವೆನಿಸ್‌ನಲ್ಲಿ ನವೆಂಬರ್ ಅಂದರೆ ಬೀದಿಗೆ ನೀರು ಬರುವ ಕಾಲ. ಏಪ್ರಿಲ್ 25, ಮೇ 1, ಜೂನ್ 2 ರಾಷ್ಟ್ರೀಯ ರಜೆಗಳು. ಈಸ್ಟರ್ ವಾರ ರೋಮ್ ಕಿಕ್ಕಿರಿದಿರುತ್ತದೆ.

ಈಗ ಒಂದು ಹಾಳೆಯಲ್ಲಿ ಹತ್ತು ಮನೆ ಬರೆಯಿರಿ. ದಿನಾಂಕ, ವಾರ ಎರಡೂ ಇರಲಿ. ಏನು ನೋಡಬೇಕು ಅಂತ ಈಗಲೇ ಬರೆಯಬೇಡಿ. ಯಾವುದು ಯಾವತ್ತು ಮುಚ್ಚಿರುತ್ತದೆ ಅಂತ ಮೊದಲು ಬರೆಯಿರಿ:

- ಉಫೀಜಿ, ಅಕಾಡೆಮಿಯಾ (ಫ್ಲಾರೆನ್ಸ್), ಬೊರ್ಗೇಸೆ ಗ್ಯಾಲರಿ (ರೋಮ್): ಸೋಮವಾರ ಇಲ್ಲ.
- ವ್ಯಾಟಿಕನ್ ಮ್ಯೂಸಿಯಂ: ಭಾನುವಾರ ಇಲ್ಲ. ತಿಂಗಳ ಕೊನೆಯ ಭಾನುವಾರ ಮಾತ್ರ ಬೆಳಗಿನ ಹೊತ್ತು ಉಚಿತ. ಆ ಕ್ಯೂ ನೋಡಿದರೆ ದುಡ್ಡು ಕೊಡುವುದೇ ವಾಸಿ ಅನ್ನಿಸುತ್ತದೆ.
- ತಿಂಗಳ ಮೊದಲ ಭಾನುವಾರ: ಸರ್ಕಾರಿ ಮ್ಯೂಸಿಯಂಗಳೆಲ್ಲ ಉಚಿತ. ಕೊಲೋಸಿಯಂ ಕಡೆ ತಲೆ ಹಾಕಬೇಡಿ.

ಇದಿಷ್ಟು ಆದರೆ ಊರಿನ ಕ್ರಮ ತಾನೇ ತಿಳಿಯುತ್ತದೆ. ಫ್ಲಾರೆನ್ಸ್‌ನ ಮೂರು ರಾತ್ರಿಯ ನಡುವೆ ಮಂಗಳವಾರ, ಬುಧವಾರ ಬರುವ ಹಾಗೆ ಜರುಗಿಸಿ. ಸೋಮವಾರಗಳನ್ನು ಮುಚ್ಚದ ಜಾಗಗಳಿಗೆ ಇಟ್ಟುಕೊಳ್ಳಿ: ರೋಮಿನ ಫೋರಂ (ಹಳೇ ಊರಿನ ಅವಶೇಷ), ಸೇತುವೆ, ಬೀದಿ ಅಲೆದಾಟ.

ಹೆಜ್ಜೆ 3: ಪಾಸ್‌ಪೋರ್ಟ್ ಮತ್ತು ವೀಸಾ

ಜಾಸ್ತಿ ಜನ ಹೆದರುವುದು ಇಲ್ಲೇ. ಅಷ್ಟು ಹೆದರಬೇಕಾಗಿಲ್ಲ, ಆದರೆ ಶಿಸ್ತು ಬೇಕು.

ಇಟಲಿ ಷೆಂಗೆನ್ ದೇಶ, ಅಂದರೆ ಒಂದೇ ವೀಸಾ ಇಟ್ಟುಕೊಂಡಿರುವ ಯುರೋಪಿನ ದೇಶಗಳ ಗುಂಪಿಗೆ ಸೇರಿದ್ದು. ಒಂದೇ ವೀಸಾದಲ್ಲಿ ಅಕ್ಕಪಕ್ಕದ ಷೆಂಗೆನ್ ದೇಶಗಳಿಗೂ ಹೋಗಬಹುದು. ಆದರೆ ಯಾವ ದೇಶದಲ್ಲಿ ಜಾಸ್ತಿ ರಾತ್ರಿ ಕಳೆಯುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು. ಬೇರೆ ದೇಶದಲ್ಲಿ ಬೇಗ ಅಪಾಯಿಂಟ್‌ಮೆಂಟ್ ಸಿಗುತ್ತದೆ ಅಂತ ಅಲ್ಲಿ ಹಾಕಿ, ಇಲ್ಲಿ ತಿರುಗುವುದು ಜಾಣತನವಲ್ಲ. ಪ್ರವಾಸಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಹದಿನೈದು ದಿನ ಮುಂಚಿನವರೆಗೂ ಅವಕಾಶವಿದೆ, ಆದರೆ ಅಷ್ಟು ತಡ ಮಾಡುವವರ ಎದೆ ಗಟ್ಟಿ ಇರಬೇಕು. ತೀರ್ಮಾನಕ್ಕೆ ಸಾಮಾನ್ಯವಾಗಿ ಹದಿನೈದು ದಿನ, ಕೆಲವು ಸಲ 45 ದಿನದವರೆಗೂ ಹೋಗುತ್ತದೆ. ಬೇಸಿಗೆ ರಜೆಗೆ ಹೋಗುವುದಾದರೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಮೂರು ತಿಂಗಳ ಮೊದಲೇ ಹಿಡಿಯಿರಿ. ಬೆರಳಚ್ಚು ಕೊಡಲು ಡೆಲ್ಲಿಗೆ ಹೋಗಬೇಕಾಗಿಲ್ಲ, ಬೆಂಗಳೂರಿನಲ್ಲೇ ಅರ್ಜಿ ಕೇಂದ್ರ ಇದೆ.

ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು. ನೀವು ಯುರೋಪ್ ಬಿಡುವ ದಿನದಿಂದ ಇನ್ನೂ ಮೂರು ತಿಂಗಳಾದರೂ ಚಾಲ್ತಿ ಇರಬೇಕು. ಎರಡು ಖಾಲಿ ಹಾಳೆ ಬೇಕು. ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವ ಟ್ರಾವೆಲ್ ಇನ್ಶೂರೆನ್ಸ್ ಕಡ್ಡಾಯ. ಜೂನ್ 2024ರಿಂದ ದೊಡ್ಡವರ ವೀಸಾ ಶುಲ್ಕ 90 ಯೂರೋ, ಅದರ ಮೇಲೆ ಕೇಂದ್ರದ ಸೇವಾ ಶುಲ್ಕ. ವೀಸಾ ಸಿಗದಿದ್ದರೂ ಈ ದುಡ್ಡು ವಾಪಸ್ ಬರುವುದಿಲ್ಲ.

ಉಳಿದ ಕಾಗದಗಳು ನಿಮಗೆ ಗೊತ್ತಿರುವಂಥವೇ. ಬ್ಯಾಂಕ್ ಸ್ಟೇಟ್‌ಮೆಂಟ್, ಐಟಿ ರಿಟರ್ನ್ಸ್, ಸಂಬಳದ ಚೀಟಿ, ಆಫೀಸಿನಿಂದ ರಜೆ ಪತ್ರ, ರೂಮ್ ಬುಕಿಂಗ್, ವಿಮಾನದ ರಿಸರ್ವೇಷನ್. ಅರ್ಜಿಗೆ ಎರಡು ದಿನ ಮುಂಚೆ ಯಾರದೋ ಹತ್ತಿರ ಸಾಲ ಮಾಡಿ ಖಾತೆಗೆ ಮೂರು ಲಕ್ಷ ಹಾಕಬೇಡಿ. ಸ್ಟೇಟ್‌ಮೆಂಟ್ ನೋಡುವವರಿಗೆ ಆ ಗೆರೆ ಮೊದಲು ಕಾಣುತ್ತದೆ.

ಒಬ್ಬರೇ ಹೋಗುವವರು ಕವರ್ ಲೆಟರಿಗೆ ಒಂದು ಗಂಟೆ ಜಾಸ್ತಿ ಕೊಡಿ. ಒಂದೇ ಪುಟ ಸಾಕು. ಯಾಕೆ ಒಬ್ಬರೇ, ಯಾಕೆ ಇಟಲಿ, ದುಡ್ಡು ಯಾರದು, ವಾಪಸ್ ಬರಲು ಇಲ್ಲಿ ಏನಿದೆ (ಕೆಲಸ, ಮನೆ, ತಂದೆ-ತಾಯಿ) ಅಂತ ನೇರವಾಗಿ ಬರೆಯಿರಿ. ಜೊತೆಗೆ ದಿನವಾರು ಪಟ್ಟಿ. ಅದರಲ್ಲಿರುವ ರಾತ್ರಿಗಳೂ ರೂಮ್ ಬುಕಿಂಗ್ ರಾತ್ರಿಗಳೂ ಒಂದಕ್ಕೊಂದು ತಾಳೆ ಆಗಬೇಕು. ಒಂದು ರಾತ್ರಿ ಲೆಕ್ಕ ತಪ್ಪಿದರೂ ಪ್ರಶ್ನೆ ಬರುತ್ತದೆ. ವೀಸಾ ಕೈಗೆ ಬರುವವರೆಗೆ ಎಲ್ಲ ಬುಕಿಂಗೂ ರದ್ದು ಮಾಡಬಹುದಾದದ್ದೇ ಆಗಿರಲಿ.

ಅಕ್ಟೋಬರ್ 2025ರಿಂದ ಯುರೋಪಿನ ಗಡಿಯಲ್ಲಿ ಹೊಸ ವ್ಯವಸ್ಥೆ ಶುರುವಾಗಿದೆ. ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಬದಲು ಮುಖದ ಫೋಟೋ ತೆಗೆದು ಕಂಪ್ಯೂಟರಿಗೆ ಸೇರಿಸುತ್ತಾರೆ, ವೀಸಾಕ್ಕೆ ಕೊಟ್ಟ ಬೆರಳಚ್ಚನ್ನು ತಾಳೆ ನೋಡುತ್ತಾರೆ. ಇದಕ್ಕೆ ಹೊತ್ತು ಹಿಡಿಯಬಹುದು. ಫ್ರಾಂಕ್‌ಫರ್ಟ್ ಅಥವಾ ಪ್ಯಾರಿಸ್ ಮೂಲಕ ಹೋದರೆ ಈ ತಪಾಸಣೆ ಅಲ್ಲೇ ಆಗುತ್ತದೆ, ರೋಮಿನಲ್ಲಲ್ಲ. ಒಂದು ಗಂಟೆಯ ಕನೆಕ್ಷನ್ ಇರುವ ವಿಮಾನ ಬೇಡವೇ ಬೇಡ.

ಹೆಜ್ಜೆ 4: ವಿಮಾನ, ರೈಲು

ರೋಮಿಗೆ ಇಳಿದು ವೆನಿಸ್‌ನಿಂದ ಹತ್ತುವ ಹಾಗೆ ವಿಮಾನ ನೋಡಿ. ಬುಕ್ ಮಾಡುವಾಗ 'ಮಲ್ಟಿ ಸಿಟಿ' ಒತ್ತಿದರೆ ಸಿಗುತ್ತದೆ. ಬೆಲೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ವಾಪಸ್ ರೋಮಿಗೆ ಬರುವ ರೈಲು ದುಡ್ಡೂ ಒಂದು ದಿನವೂ ಉಳಿಯುತ್ತವೆ.

ಊರಿಂದ ಊರಿಗೆ ರೈಲೇ ಸರಿ. ರೋಮ್‌ನಿಂದ ಫ್ಲಾರೆನ್ಸ್ ವೇಗದ ರೈಲಿನಲ್ಲಿ ಒಂದೂವರೆ ಗಂಟೆ, ಅಲ್ಲಿಂದ ವೆನಿಸ್ ಎರಡೂಕಾಲು ಗಂಟೆ. ತ್ರೆನಿತಾಲಿಯಾ, ಇತಾಲೊ ಅಂತ ಎರಡು ಕಂಪನಿ. ಬೇಗ ತೆಗೆದರೆ ಅಗ್ಗ, ಕೊನೇ ದಿನ ದುಬಾರಿ. ನಮ್ಮ ವಿಮಾನದ ಲೆಕ್ಕವೇ. ಸಣ್ಣ ಊರುಗಳ ರೀಜನಲ್ ರೈಲಿಗೆ ಮಾತ್ರ ಯಾವಾಗ ತೆಗೆದರೂ ಒಂದೇ ದರ, ಮೊದಲೇ ಬುಕ್ ಮಾಡುವ ಗೋಜಿಲ್ಲ. ಆದರೆ ಅದರ ಕಾಗದದ ಟಿಕೆಟನ್ನು ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಪುಟ್ಟ ಯಂತ್ರಕ್ಕೆ ತೂರಿಸಿ ಮುದ್ರೆ ಹಾಕಿಸಬೇಕು. ಮರೆತರೆ ಟಿಕೆಟ್ ಕೈಯಲ್ಲಿದ್ದರೂ ದಂಡ.

ಟಿಕೆಟ್ ತೆಗೆಯುವಾಗ ಊರುಗಳ ಹೆಸರು ಅವರ ಭಾಷೆಯಲ್ಲಿರುತ್ತದೆ. ರೋಮಾ, ಫಿರೆಂಜೆ, ವೆನೇತ್ಸಿಯಾ, ನಾಪೊಲಿ. ಸ್ಟೇಷನ್ ಹೆಸರೂ ನೋಡಿ: ರೋಮಾ ತೆರ್ಮಿನಿ, ಫಿರೆಂಜೆ ಸಾಂತಾ ಮರಿಯಾ ನೊವೆಲ್ಲಾ, ವೆನೇತ್ಸಿಯಾ ಸಾಂತಾ ಲೂಚಿಯಾ. ವೆನಿಸ್‌ಗೆ 'ಮೆಸ್ತ್ರೆ' ಅಂತ ಇನ್ನೊಂದು ಸ್ಟೇಷನ್ ಇದೆ. ಅದು ದಡದ ಮೇಲಿನ ಊರು. ಅಲ್ಲಿಳಿದರೆ ಕಾಲುವೆ ಕಾಣುವುದಿಲ್ಲ.

ಬೋರ್ಡಿನ ಮೇಲೆ 'ಬಿನಾರಿಯೊ' ಅಂದರೆ ಪ್ಲಾಟ್‌ಫಾರ್ಮ್, 'ರಿತಾರ್ದೊ' ಅಂದರೆ ತಡ. 'ಷೋಪೆರೊ' ಅಂತ ಕೇಳಿಸಿದರೆ ಕಿವಿ ನೆಟ್ಟಗೆ ಮಾಡಿ. ಅದು ಮುಷ್ಕರ. ಅಲ್ಲಿ ಮುಷ್ಕರವನ್ನು ಮೊದಲೇ ದಿನ ಹೇಳಿ ಮಾಡುತ್ತಾರೆ. ವಾರದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ರೀಜನಲ್ ರೈಲುಗಳನ್ನು ಓಡಿಸಲೇಬೇಕು ಅನ್ನುವ ನಿಯಮವಿದೆ. ಆ ಹೊತ್ತಿಗೆ ಹೊಂದಿಸಿಕೊಳ್ಳಿ.

ಹೆಜ್ಜೆ 5: ನಾಲ್ಕೇ ಟಿಕೆಟ್ ಮೊದಲು ತೆಗೆಯಿರಿ

ಕೊಲೋಸಿಯಂ, ವ್ಯಾಟಿಕನ್ ಮ್ಯೂಸಿಯಂ, ಉಫೀಜಿ, ಅಕಾಡೆಮಿಯಾ. ಈ ನಾಲ್ಕು ಗಟ್ಟಿ ಮಾಡಿ, ಉಳಿದದ್ದು ಸಡಿಲ ಬಿಡಿ. ಕೊಲೋಸಿಯಂ ಟಿಕೆಟ್ ಮೂವತ್ತು ದಿನ ಮೊದಲು ಮಾರಾಟಕ್ಕೆ ಬರುತ್ತದೆ, ಬೇಗ ಖಾಲಿ ಆಗುತ್ತದೆ. ಅದೇ ಟಿಕೆಟ್ಟಿನಲ್ಲಿ ಫೋರಂ ಮತ್ತು ಪಲಾಟೈನ್ ಗುಡ್ಡವೂ ಸೇರಿದೆ. ಟಿಕೆಟ್ ಮೇಲೆ ನಿಮ್ಮ ಹೆಸರಿರುತ್ತದೆ, ಗುರುತಿನ ಚೀಟಿ ಕೇಳುತ್ತಾರೆ.

ಇಲ್ಲಿ ನಮ್ಮವರಿಗೊಂದು ತೊಡಕು. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು, ಊರಿನ ಹೆಸರು ಎಲ್ಲ ಸೇರಿ ಮೂರು ಸಾಲು ಇರುತ್ತದೆ. ಕೆಲವರಿಗೆ ಸರ್‌ನೇಮೇ ಇರುವುದಿಲ್ಲ. ವೀಸಾ, ವಿಮಾನ, ಮ್ಯೂಸಿಯಂ ಎಲ್ಲ ಕಡೆ ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಬರೆಯಿರಿ. ಇನಿಷಿಯಲ್ ಹಾಕಿ ಮೊಟಕು ಮಾಡಬೇಡಿ.

ಪಾಂಪೆ ನೋಡುವ ಆಸೆ ಇದ್ದರೆ ರೋಮಿನಿಂದ ಒಂದು ದಿನದಲ್ಲಿ ಹೋಗಿ ಬರಬಹುದು. ನೇಪಲ್ಸ್‌ವರೆಗೆ ವೇಗದ ರೈಲು ಸುಮಾರು ಒಂದೂಕಾಲು ಗಂಟೆ, ಅಲ್ಲಿಂದ ಚಿರ್ಕುಮ್‌ವೆಸುವಿಯಾನಾ ಅನ್ನುವ ಲೋಕಲ್ ರೈಲು. ಇಳಿಯಬೇಕಾದದ್ದು 'ಪೊಂಪೆ ಸ್ಕಾವಿ' ಸ್ಟೇಷನ್ನಿನಲ್ಲಿ. ನವೆಂಬರ್ 2024ರಿಂದ ದಿನಕ್ಕೆ 20,000 ಜನರನ್ನು ಮಾತ್ರ ಬಿಡುತ್ತಾರೆ, ಟಿಕೆಟ್ ಹೆಸರಿನ ಮೇಲೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಉಗುಳಿದ ಬೂದಿಯಡಿ ಹೂತುಹೋದ ಊರು ಅಂತ ಎಲ್ಲರಿಗೂ ಗೊತ್ತು. ನನ್ನ ಕಣ್ಣು ಹೋದದ್ದು ಬೀದಿ ಬದಿಯ ಹೋಟೆಲ್ ಕಟ್ಟೆಗಳ ಮೇಲೆ. ಕಲ್ಲಿನ ಕೌಂಟರಿನಲ್ಲಿ ದೊಡ್ಡ ದೊಡ್ಡ ದುಂಡು ತೂತು, ಒಳಗೆ ಹೂತಿಟ್ಟ ಮಡಕೆ. ನಿಂತು ತಿಂದು ಹೋಗುವವರಿಗೆ. ನಮ್ಮ ದರ್ಶಿನಿಗೂ ಅದಕ್ಕೂ ಎರಡು ಸಾವಿರ ವರ್ಷದ ಅಂತರ ಅಷ್ಟೇ.

ಹೆಜ್ಜೆ 6: ರೂಮ್

ಒಬ್ಬರಿಗೆ ರೂಮ್ ಯಾವಾಗಲೂ ನಷ್ಟದ ಬಾಬತ್ತು. ಹಾಸ್ಟೆಲಿನಲ್ಲಿ ಒಂದು ಮಂಚ ಅಥವಾ ಸಣ್ಣ ಒಂಟಿ ರೂಮ್ ನೋಡಿ. ಹೆಂಗಸರಿಗೆ ಮಾತ್ರ ಅನ್ನುವ ಡಾರ್ಮಿಟರಿಗಳೂ ಸಿಗುತ್ತವೆ. ಮೊದಲ ರಾತ್ರಿಗೆ ಮಾತ್ರ ದುಡ್ಡು ನೋಡದೆ ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ, ಇಪ್ಪತ್ನಾಲ್ಕು ಗಂಟೆ ರಿಸೆಪ್ಷನ್ ಇರುವ ಕಡೆ ಉಳಿಯಿರಿ.

ಬುಕ್ ಮಾಡುವ ಮೊದಲು ಒಂದೇ ಒಂದು ಪದ ಹುಡುಕಿ: ಲಿಫ್ಟ್. ನಾನು ಹುಡುಕಲಿಲ್ಲ. ಹಳೇ ಕಟ್ಟಡ, ನಾಲ್ಕನೇ ಮಹಡಿ, ಕಡಿದಾದ ಕಲ್ಲಿನ ಮೆಟ್ಟಿಲು, ನನ್ನ ಹದಿನೆಂಟು ಕೆಜಿ ಸೂಟ್‌ಕೇಸು. ಅವತ್ತೇ ತೀರ್ಮಾನ ಮಾಡಿದೆ, ನನ್ನ ಕೈಯಲ್ಲಿ ಎತ್ತಲು ಆಗುವಷ್ಟೇ ನನ್ನ ಲಗೇಜು ಅಂತ. ಬ್ಯಾಗ್ ತುಂಬಿ, ಮನೆಯ ಎರಡು ಮಹಡಿ ಒಂದೇ ಉಸಿರಿಗೆ ಹತ್ತಿ ನೋಡಿ. ಆಗಲಿಲ್ಲವೇ? ಎರಡು ಜೀನ್ಸ್ ಆಚೆ ತೆಗೆಯಿರಿ. ವೆನಿಸ್‌ನಲ್ಲಂತೂ ಹೆಜ್ಜೆಗೊಂದು ಸೇತುವೆ, ಸೇತುವೆಗೆರಡು ಕಡೆ ಮೆಟ್ಟಿಲು.

ರೂಮ್ ಬಾಡಿಗೆ ಅಲ್ಲದೆ ಊರಿನ ತೆರಿಗೆ ಅಂತ ದಿನಕ್ಕೆ ಕೆಲವು ಯೂರೋ ಅಲ್ಲೇ ಕೇಳುತ್ತಾರೆ. ಮೋಸ ಅಲ್ಲ, ನಿಯಮವೇ ಹಾಗೆ.

ಹೆಜ್ಜೆ 7: ದುಡ್ಡು, ಫೋನು, ಪ್ಲಗ್ಗು

ಯುಪಿಐ ಮರೆತುಬಿಡಿ. ಒಂದು ಫಾರೆಕ್ಸ್ ಕಾರ್ಡ್, ಬೇರೆ ಜಾಗದಲ್ಲಿ ಇನ್ನೊಂದು ಬ್ಯಾಂಕ್ ಕಾರ್ಡ್, ಇನ್ನೂರು ಯೂರೋ ನಗದು. ಯಂತ್ರ "ರೂಪಾಯಿಯಲ್ಲಿ ಕಟ್ಟುತ್ತೀರಾ, ಯೂರೋದಲ್ಲಿ ಕಟ್ಟುತ್ತೀರಾ" ಅಂತ ಕೇಳಿದರೆ ಯೂರೋ ಒತ್ತಿ. ರೂಪಾಯಿ ಒತ್ತಿದರೆ ಅವರು ಹೇಳಿದ್ದೇ ದರ. ಇಸಿಮ್ ಅಥವಾ ರೋಮಿಂಗ್ ಪ್ಯಾಕ್ ಇಲ್ಲಿಂದಲೇ ಹಾಕಿಸಿ. ಅಲ್ಲಿ ಸಿಮ್ ಕೊಳ್ಳಲು ಪಾಸ್‌ಪೋರ್ಟ್ ಹಿಡಿದು ನಿಲ್ಲಬೇಕು. ಕರೆಂಟು ನಮ್ಮ ಹಾಗೇ 230 ವೋಲ್ಟ್. ತೆಳು ಎರಡು ಪಿನ್ನಿನ ಮೊಬೈಲ್ ಚಾರ್ಜರ್ ಹಾಗೇ ಕೂರುತ್ತದೆ, ಮೂರು ಪಿನ್ನಿನದಕ್ಕೆ ಅಡಾಪ್ಟರ್ ಬೇಕು.

ಬೇಸಿಗೆಯಲ್ಲಿ ಅಲ್ಲಿಗೂ ಇಲ್ಲಿಗೂ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ವ್ಯತ್ಯಾಸ. ಮನೆಗೆ ಫೋನ್ ಮಾಡುವ ಒಂದು ಹೊತ್ತು ಮೊದಲೇ ಗೊತ್ತು ಮಾಡಿ. ಇಲ್ಲದಿದ್ದರೆ ನೀವು ವ್ಯಾಟಿಕನ್ನಿನ ಸಿಸ್ಟೀನ್ ಚಾಪೆಲಿನಲ್ಲಿ ಕತ್ತೆತ್ತಿ ನಿಂತಿರುವಾಗ ಅಮ್ಮ "ಊಟ ಆಯ್ತಾ" ಅಂತ ಕೇಳುತ್ತಾರೆ. ಅಲ್ಲಿ ಮಾತಾಡುವ ಹಾಗಿಲ್ಲ, ಫೋಟೋ ತೆಗೆಯುವ ಹಾಗೂ ಇಲ್ಲ.

ಹೆಜ್ಜೆ 8: ಹೊಟ್ಟೆ ಪಾಡು

ಸಸ್ಯಾಹಾರಿಗಳಿಗೆ ಯುರೋಪಿನಲ್ಲಿ ಇಟಲಿಯಷ್ಟು ಸುಲಭದ ದೇಶ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಆದರೂ ನಾಲ್ಕು ಮಾತು ಬಾಯಿಪಾಠ ಮಾಡಿ. 'ಸೆಂತ್ಸಾ ಕಾರ್ನೆ' ಅಂದರೆ ಮಾಂಸ ಬೇಡ. 'ಸೆಂತ್ಸಾ ಪೆಷೆ' ಅಂದರೆ ಮೀನು ಬೇಡ. 'ಸೆಂತ್ಸಾ ಉವೋವಾ' ಅಂದರೆ ಮೊಟ್ಟೆ ಬೇಡ. ಗಂಡಸರು 'ಸೋನೊ ವೆಜೆತಾರಿಯಾನೊ', ಹೆಂಗಸರು 'ಸೋನೊ ವೆಜೆತಾರಿಯಾನಾ'.

ಅಂಗಡಿಯಲ್ಲೇ ನಾದಿದ ಹಸಿ ಪಾಸ್ತಾಗೆ ಸಾಮಾನ್ಯವಾಗಿ ಮೊಟ್ಟೆ ಹಾಕಿರುತ್ತಾರೆ. ಒಣ ಸ್ಪಗೆಟ್ಟಿಯಲ್ಲಿ ಇರುವುದಿಲ್ಲ. ಬೆಳ್ಳುಳ್ಳಿ, ಎಣ್ಣೆ, ಒಣಮೆಣಸಿನ 'ಆಲ್ಯೊ ಎ ಓಲ್ಯೊ' ನಮ್ಮ ನಾಲಿಗೆಗೆ ಒಗ್ಗರಣೆ ಹಾಕಿದ ಹಾಗೇ ಇರುತ್ತದೆ. ಪಾರ್ಮೆಸಾನ್ ಚೀಸ್ ಮಾಡಲು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಬಳಸುತ್ತಾರೆ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಬೇಡ ಅನ್ನುವವರಿಗೆ 'ಮರಿನಾರಾ' ಪಿಜ್ಜಾ ಇದೆ. ಟೊಮೇಟೊ, ಬೆಳ್ಳುಳ್ಳಿ, ಒರಿಗಾನೊ ಅಷ್ಟೇ, ಚೀಸೇ ಇಲ್ಲ. 'ಪುತ್ತನೆಸ್ಕಾ' ನೋಡಲು ಸಸ್ಯಾಹಾರಿ, ಒಳಗೆ ಪುಟ್ಟ ಮೀನು. ಚಟ್ನಿಪುಡಿ, ಅವಲಕ್ಕಿ ಒಯ್ಯಿರಿ. ತುಪ್ಪ, ಪೇಡ ಮನೆಯಲ್ಲೇ ಬಿಡಿ, ಹಾಲು ಮಾಂಸದ ಪದಾರ್ಥಗಳನ್ನು ಯುರೋಪ್ ಒಕ್ಕೂಟದೊಳಗೆ ತರುವ ಹಾಗಿಲ್ಲ. ರೋಮಿನಲ್ಲಿ ಅನ್ನ-ಸಾರಿನ ಜ್ವರ ಹತ್ತಿದರೆ ವಿತ್ತೋರಿಯೊ ಚೌಕದ ಸುತ್ತ ನಮ್ಮ ಕಡೆಯ ದಿನಸಿ ಅಂಗಡಿಗಳಿವೆ.

ಒಬ್ಬರೇ ಊಟಕ್ಕೆ ಕೂರಲು ಮುಜುಗರವೇ? ಬಾರ್‌ಗೆ ಹೋಗಿ. ಅಲ್ಲಿ ಬಾರ್ ಅಂದರೆ ಕಾಫಿ ಅಂಗಡಿ. ನಿಂತು ಕುಡಿದರೆ ಒಂದು ದರ, ಕೂತರೆ ಇನ್ನೊಂದು. 'ಕಫೆ' ಅಂದರೆ ಗುಟುಕಿನಷ್ಟು ಎಸ್ಪ್ರೆಸೊ. 'ಲಾತೆ' ಅಂದರೆ ಬರೀ ಹಾಲು ಕೊಡುತ್ತಾರೆ! ನಮ್ಮ ಕಾಫಿಗೆ ಹತ್ತಿರ ಬೇಕಿದ್ದರೆ ಕಪುಚಿನೊ, ಅದೂ ಬೆಳಿಗ್ಗೆ. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ. ಆ ಪುಟ್ಟ ಕಪ್ಪಿನ ನೊರೆಯಲ್ಲಿ ಕೊಡಗಿನ ರೋಬಸ್ಟಾ ಇದ್ದರೂ ಇರಬಹುದು. ಹೋಟೆಲಿನಲ್ಲಿ ಕೂತು ಉಂಡರೆ 'ಕೊಪೆರ್ತೊ' ಅಂತ ತಲೆಗಿಷ್ಟು ಸೇರಿಸುತ್ತಾರೆ. ಬಿಲ್ಲು ತಾನಾಗಿ ಬರುವುದಿಲ್ಲ. 'ಇಲ್ ಕೋಂತೊ' ಅಂತ ಕೇಳುವವರೆಗೆ ಕೂರಿಸಿರುತ್ತಾರೆ.

ನೀರು ಕೊಳ್ಳಬೇಡಿ. ರೋಮಿನ ಬೀದಿಗಳಲ್ಲಿ 'ನಸೋನಿ' ಅನ್ನುವ ಕಬ್ಬಿಣದ ನಲ್ಲಿಗಳು ಸುಮಾರು 2,500 ಇವೆ. ಹೆಸರಿನ ಅರ್ಥ ದೊಡ್ಡ ಮೂಗು. ಹಗಲೂ ರಾತ್ರಿ ನೀರು ಸುರಿಯುತ್ತಲೇ ಇರುತ್ತದೆ. ಬಾಗಿ ಬೊಗಸೆ ಹಿಡಿಯುತ್ತಿದ್ದ ನನ್ನನ್ನು ನೋಡಿ ಒಬ್ಬ ಅಜ್ಜಿ ನಕ್ಕು, ಮೂಗಿನ ತುದಿಯನ್ನು ಬೆರಳಿಂದ ಮುಚ್ಚಿ ತೋರಿಸಿದರು. ಮೂಗಿನ ಮೇಲೆ ಒಂದು ಸಣ್ಣ ತೂತು. ಅಲ್ಲಿಂದ ನೀರು ಚಿಮ್ಮಿ ನೇರ ಬಾಯಿಗೆ ಬಂತು.

ಹೆಜ್ಜೆ 9: ರೋಮಿನಲ್ಲಿ ಇಳಿದ ಮೇಲೆ

ಫ್ಯುಮಿಚೀನೊ ವಿಮಾನ ನಿಲ್ದಾಣದಿಂದ ತೆರ್ಮಿನಿಗೆ ನೇರ ರೈಲು 32 ನಿಮಿಷ, 14 ಯೂರೋ. ಮೊದಲ ದಿನ ಏನೂ ಇಟ್ಟುಕೊಳ್ಳಬೇಡಿ. ಸಂಜೆ ಪ್ಯಾಂಥಿಯನ್ನಿಗೆ ನಡೆದು ಹೋಗಿ. ಕ್ರಿ.ಶ. 125ರ ಸುಮಾರಿಗೆ ಹಾಡ್ರಿಯನ್ ದೊರೆಯ ಕಾಲದಲ್ಲಿ ಮುಗಿದ ಗುಡಿ. ನಮ್ಮ ಗೋಳಗುಮ್ಮಟ ಒಳಗಡೆ ಸುಮಾರು 38 ಮೀಟರ್ ಅಗಲ. ಇದು 43 ಮೀಟರಿಗೂ ಜಾಸ್ತಿ, ಅದಕ್ಕಿಂತ ಒಂದೂವರೆ ಸಾವಿರ ವರ್ಷ ಹಳೆಯದು. ನೆತ್ತಿಯಲ್ಲಿ ಒಂದು ದೊಡ್ಡ ದುಂಡು ತೂತು, ಗಾಜಿಲ್ಲ, ಮುಚ್ಚಳವಿಲ್ಲ. ಮಳೆ ಬಂದರೆ ಒಳಗೇ ಬೀಳುತ್ತದೆ. ನೆಲ ನೋಡಿ, ನೀರು ಇಳಿದು ಹೋಗಲು ಸಣ್ಣ ಸಣ್ಣ ತೂತು ಕೊರೆದಿದ್ದಾರೆ. ಎಲ್ಲರೂ ಮೇಲೆ ನೋಡುತ್ತಿರುತ್ತಾರೆ, ಅದು ಕಾಣುವುದಿಲ್ಲ. ಜುಲೈ 2023ರಿಂದ ಇಲ್ಲಿ ಟಿಕೆಟ್ ಇದೆ, ಶುರುವಾದಾಗ 5 ಯೂರೋ ಇತ್ತು. ಚರ್ಚುಗಳಿಗೆ ಹೋಗುವ ದಿನ ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ. ಒಂದು ಶಾಲು ಬ್ಯಾಗಿನಲ್ಲಿದ್ದರೆ ಸಾಕು.

ಎರಡನೇ ಅಥವಾ ಮೂರನೇ ದಿನ ಒಂಟಿತನ ಕಾಡುತ್ತದೆ. ಎಲ್ಲರಿಗೂ ಆಗುತ್ತದಂತೆ, ನನಗೂ ಆಯಿತು. ಏನು ನೋಡಿದರೂ "ಇದನ್ನು ಯಾರಿಗೆ ತೋರಿಸಲಿ" ಅನ್ನಿಸುತ್ತದೆ. ಆವತ್ತು ದೊಡ್ಡ ಜಾಗ ಬೇಡ. ನಾನು ಫೋರಂ ಪಕ್ಕದ ಗುಡ್ಡದ ಮೇಲಿನ ಸಾಂತಾ ಮರಿಯಾ ಇನ್ ಆರಾಚೇಲಿ ಚರ್ಚಿಗೆ ಹೋದೆ. ನೂರಿಪ್ಪತ್ತನಾಲ್ಕು ಮೆಟ್ಟಿಲು. ನಾನು ಹಿಡಿದಿದ್ದ ಎಳೆಯ ತುದಿ ಅಲ್ಲಿತ್ತು. ಇಕ್ಕೇರಿಗೆ ಬಂದಿದ್ದ ಆ ದೆಲ್ಲಾ ವಾಲ್ಲೆಯ ಹೆಂಡತಿ ಮಾನಿ ಪರ್ಷಿಯಾದಲ್ಲಿ ತೀರಿಕೊಂಡಳು. ಅವನು ಅವಳ ದೇಹವನ್ನು ಅಲ್ಲಿ ಹೂಳಲಿಲ್ಲ. ಕೆಡದ ಹಾಗೆ ಮಾಡಿಸಿ ಪೆಟ್ಟಿಗೆಯಲ್ಲಿಟ್ಟು, ಭಾರತ ಸುತ್ತಿ, ವರ್ಷಗಟ್ಟಲೆ ಹೊತ್ತು ತಂದು ಈ ಚರ್ಚಿನಲ್ಲೇ ಮಣ್ಣು ಮಾಡಿದ. ನಮ್ಮ ಕಡೆ ಬಂದಾಗ ಘಾಟಿ ಮೇಲಿನ ಒಂದು ಗುಡಿಯ ಜಗುಲಿಯಲ್ಲಿ ಹುಡುಗರು ಮರಳಿನ ಮೇಲೆ ಬೆರಳಿಂದ ಬರೆಯುತ್ತಾ, ರಾಗವಾಗಿ ಹಾಡುತ್ತಾ ಲೆಕ್ಕ ಕಲಿಯುವುದನ್ನು ನಿಂತು ನೋಡಿ, ಕಾಗದ ಬರೆದಿದ್ದಾನೆ. ನಾನೂ ಹಾಗೇ ಮಗ್ಗಿ ಕಲಿತವಳು. ಬೆಂಚಿನ ಮೇಲೆ ಅರ್ಧ ಗಂಟೆ ಕೂತಿದ್ದೆ. ಟಿಕೆಟ್ ಇಲ್ಲ, ಕ್ಯೂ ಇಲ್ಲ.

ಹೆಜ್ಜೆ 10: ಜೇಬು ಕಾಯುವುದು

ಇಟಲಿಯಲ್ಲಿ ಮೈಮೇಲೆ ಬೀಳುವ ಭಯಕ್ಕಿಂತ ಜೇಬಿನ ಭಯ ಜಾಸ್ತಿ. ತೆರ್ಮಿನಿ ಸ್ಟೇಷನ್, ಮೆಟ್ರೋ ಎ ಲೈನ್, ವ್ಯಾಟಿಕನ್ ಕಡೆ ಹೋಗುವ 64ನೇ ನಂಬರ್ ಬಸ್ಸು, ಈ ಮೂರು ಕಡೆ ಬ್ಯಾಗು ಹೊಟ್ಟೆಯ ಮುಂದೆ ಇರಲಿ. ಕೈಗೆ ದಾರ ಕಟ್ಟಲು ಬರುವವರು, ಗುಲಾಬಿ ಕೊಡುವವರು, ಸಹಿ ಕೇಳುವವರು ಯಾರಿಗೂ ನಿಲ್ಲಬೇಡಿ. 'ನೋ, ಗ್ರಾತ್ಸಿಯೆ' ಅಂತ ಹೇಳಿ ನಡೆಯುತ್ತಲೇ ಇರಿ. ಫೋನನ್ನು ಕಾಫಿ ಟೇಬಲ್ ಮೇಲೆ ಇಡುವ ಅಭ್ಯಾಸ ಬೆಂಗಳೂರಲ್ಲೇ ಬಿಟ್ಟು ಹೋಗಿ.

ಪಾಸ್‌ಪೋರ್ಟಿನ ಮತ್ತು ವೀಸಾದ ಜೆರಾಕ್ಸ್ ಎರಡು ಕಡೆ ಇರಲಿ, ಒಂದು ಫೋಟೋ ಮನೆಯವರ ಫೋನಿನಲ್ಲಿರಲಿ. ಕಳೆದುಹೋದರೆ ಮೊದಲು ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಪ್ರತಿ ತೆಗೆದುಕೊಳ್ಳಿ. ಅದಕ್ಕೆ 'ದೆನೂಂಚಾ' ಅನ್ನುತ್ತಾರೆ. ಆಮೇಲೆ ರೋಮಿನ ಭಾರತೀಯ ರಾಯಭಾರ ಕಚೇರಿ, ಉತ್ತರದಲ್ಲಿದ್ದರೆ ಮಿಲಾನಿನ ಕಾನ್ಸುಲೇಟ್. ಯಾವ ತುರ್ತಿಗೂ ನಂಬರ್ 112.

ಕೊನೆಯ ಎರಡು ದಿನ: ಫ್ಲಾರೆನ್ಸ್ ದಾಟಿ ವೆನಿಸ್

ಫ್ಲಾರೆನ್ಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಸೋಮವಾರದ ಕಥೆ ಆಗಲೇ ಹೇಳಿದ್ದೇನೆ. 1436ರಲ್ಲಿ ಬ್ರುನೆಲ್ಲೆಸ್ಕಿ ಮುಗಿಸಿದ, ಅಲ್ಲಿನ ದೊಡ್ಡ ಚರ್ಚಿನ ಗುಮ್ಮಟದ 463 ಮೆಟ್ಟಿಲು ಹತ್ತುವುದಾದರೆ ಮೊದಲೇ ಬುಕ್ ಮಾಡಿ. ದಾರಿ ಕಿರಿದು, ಲಿಫ್ಟ್ ಇಲ್ಲ. ವಿಜಯನಗರ ನೋಡಿದ ಕೋಂತಿ ಇಪ್ಪತ್ತೈದು ವರ್ಷ ತಿರುಗಾಡಿ ವಾಪಸ್ ಬಂದ. ಜೀವ ಉಳಿಸಿಕೊಳ್ಳಲು ದಾರಿಯಲ್ಲಿ ಮತ ಬಿಟ್ಟಿದ್ದ. ಅದಕ್ಕೆ ಪ್ರಾಯಶ್ಚಿತ್ತವಾಗಿ, ಕಂಡದ್ದನ್ನೆಲ್ಲ ನಿಜವಾಗಿ ಹೇಳು ಅಂತ ಪೋಪ್ ಅಪ್ಪಣೆ ಮಾಡಿದರಂತೆ. ಅವನು ಹೇಳಿದ್ದು, ಪೋಪ್ ಕಾರ್ಯದರ್ಶಿ ಪೊಜ್ಜೊ ಬರೆದುಕೊಂಡದ್ದು ಇದೇ ಊರಿನಲ್ಲಿ. ಗುಡಿಗಳಲ್ಲಿ ಎಣ್ಣೆ ದೀಪ ಹಚ್ಚುವ ಹಬ್ಬ ಅದರಲ್ಲಿದೆ.

ವೆನಿಸ್‌ನಲ್ಲಿ ರಾತ್ರಿ ಉಳಿಯುವವರು ಊರ ತೆರಿಗೆ ಕಟ್ಟುವುದರಿಂದ ಹಗಲು ಪ್ರವಾಸಿಗರ ಪ್ರವೇಶ ಶುಲ್ಕ ಬೇಡ. ಆದರೆ ಆ ಶುಲ್ಕ ಇರುವ ದಿನಗಳಲ್ಲಿ ವಿನಾಯಿತಿ ಚೀಟಿಯನ್ನು ಆನ್‌ಲೈನ್‌ನಲ್ಲಿ ಪಡೆದಿರಬೇಕು. ಗೊಂಡೋಲಾ ಸವಾರಿ ಒಬ್ಬರಿಗೆ ದಂಡ. ದೋಣಿಗೆ ದರವೇ ಹೊರತು ತಲೆಗಲ್ಲ. ಬದಲಿಗೆ ಗ್ರಾಂಡ್ ಕಾಲುವೆ ದಾಟಿಸುವ 'ತ್ರಗೆತ್ತೊ' ದೋಣಿ ಹತ್ತಿ. ಎರಡು ಯೂರೋ, ಎರಡು ನಿಮಿಷ, ಗೊಂಡೋಲಾದಂಥದ್ದೇ ದೋಣಿ.

ಬೆಳಿಗ್ಗೆ ಆರಕ್ಕೆ ಎದ್ದು 1ನೇ ನಂಬರ್ ವಪೊರೆತ್ತೊ (ನೀರಿನ ಮೇಲಿನ ಸಿಟಿ ಬಸ್ಸು) ದೋಣಿಯ ಮುಂದಿನ ಸೀಟು ಹಿಡಿಯಿರಿ. 9.50 ಯೂರೋ ಟಿಕೆಟ್, 75 ನಿಮಿಷ ನಡೆಯುತ್ತದೆ. ನಾನು ಹತ್ತಿದಾಗ ಇದ್ದವರು ತರಕಾರಿ ಬುಟ್ಟಿ ಹಿಡಿದ ಒಬ್ಬ ಹೆಂಗಸು, ನಿದ್ದೆ ಹೋಗಿದ್ದ ಒಬ್ಬ ಹುಡುಗ. ರಿಯಾಲ್ತೊ ಸೇತುವೆ ದಾಟುವಾಗ ಅಮ್ಮನ ಫೋನ್ ಬಂತು. ಅಲ್ಲಿ ಹತ್ತು ಗಂಟೆ. "ತಿಂಡಿ ಆಯ್ತಾ" ಅಂದರು. ಕ್ಯಾಮೆರಾ ತಿರುಗಿಸಿ ನೀರು ತೋರಿಸಿದೆ.